ಅಕ್ಕ-ತಂಗಿಯ ಡಿಎನ್‌ಎ ಮೂಲ ಬೇರೆ ಬೇರೆ ಬಂದಿದ್ದಕ್ಕೆ

ಪೂರ್ವಜರು ಯಾವ ಕಡೆಯವರು ಎಂದು ಹೇಳುವ ಡಿಎನ್‌ಎ ಟೆಸ್ಟ್‌ನಲ್ಲಿ ನಿಮಗೂ ಅಕ್ಕನಿಗೂ ಬೇರೆ ಬೇರೆ ಶೇಕಡಾ ಬಂದಿದೆ, ನಾವು ಸ್ವಂತ ಅಕ್ಕ-ತಂಗಿ ಹೌದೋ ಅಲ್ಲವೋ ಅಂತ ಕೇಳಿದ್ದೀರಿ. ಅಜ್ಜಿ ಕಡೆಯ ಮೂಲ ಅಕ್ಕನಿಗೆ 18%, ನಿಮಗೆ 7% ಬಂದಿದ್ದಕ್ಕೆ ಕಾರಣ ಬಹುಶಃ ಹಂಚಿಕೆ ಅಷ್ಟೇ. ಅಪ್ಪ-ಅಮ್ಮನಿಂದ ಅರ್ಧರ್ಧ ಬರುತ್ತದೆ, ಆದರೆ ಇಬ್ಬರಿಗೂ ಅದೇ ಅರ್ಧ ಬರುವುದಿಲ್ಲ. ಒಂದೇ ಇಸ್ಪೀಟು ಕಟ್ಟನ್ನು ಎರಡು ಸಲ ಕಲಸಿ ಅರ್ಧ ಎಲೆ ತೆಗೆದ ಹಾಗೆ. ನನಗೂ ತಮ್ಮನಿಗೂ ಹೀಗೇ ಬಂದಿತ್ತು.

ಮೊದಲು, ಇಬ್ಬರೂ ಒಂದೇ ಕಂಪನಿಯಲ್ಲಿ ಟೆಸ್ಟ್ ಮಾಡಿಸಿದ್ದೀರಾ ನೋಡಿ. ಇಲ್ಲದಿದ್ದರೆ ಶೇಕಡಾ ಹೋಲಿಸುವುದೇ ದಂಡ. 1-2% ತೋರಿಸಿದ ಮೂಲಗಳನ್ನಂತೂ ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ಟೆಸ್ಟ್ ವರದಿಯಲ್ಲಿ ಮೂಲದ ನಕ್ಷೆ ಬಿಟ್ಟು ಸಂಬಂಧಿಕರ ಪಟ್ಟಿ ತೆರೆಯಿರಿ. ಅಕ್ಕನ ಹೆಸರಿನ ಜೊತೆ ಸೆಂಟಿಮಾರ್ಗನ್ (ಇಬ್ಬರಲ್ಲೂ ಒಂದೇ ಆಗಿರುವ ಡಿಎನ್‌ಎ ಎಷ್ಟು ಎಂಬುದರ ಅಳತೆ) ಅಂತ ಒಂದು ಅಂಕಿ ಇರುತ್ತದೆ. ಸುಮಾರು 2,600 ಇದ್ದರೆ ಸ್ವಂತ ಅಕ್ಕ-ತಂಗಿಯೇ. 1,750ರ ಆಸುಪಾಸು ಇದ್ದರೆ ಅಪ್ಪ ಅಥವಾ ಅಮ್ಮ ಬೇರೆ ಇರಬಹುದು. ನಡುವಿನ ಅಂಕಿ ಬಂದರೆ ಖಚಿತವಾಗಿ ಹೇಳಲಾಗದು. ಆಗ ಅಪ್ಪ-ಅಮ್ಮ ಒಪ್ಪಿದರೆ ಅವರದ್ದೂ ಟೆಸ್ಟ್ ಮಾಡಿಸಿ. ಅಲ್ಲಿವರೆಗೆ ಮನೆಯಲ್ಲಿ ಸುಮ್ನೆ ಮಾತೆತ್ತಬೇಡಿ.