ಅದು ಅವನ ಬಾಲು

ಹುಡುಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಅಪ್ಪನ ಕೆಲಸ, ಅಂಗಿಯ ನಂಬರು ಎಲ್ಲ ಬದಲಿಸಿದ್ದೇನೆ. ಚಿನ್ಮಯ ಅಂತ ಇಟ್ಟುಕೊಳ್ಳೋಣ. ಮನೆಗನ್ನಡ ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಿದೆ. ಅವನು ತಿದ್ದಿದ್ದು ಒಂದೇ ಕಡೆ. ನಾನು ‘ಓಡಿಹೋಗಿ ಹಿಡಿದ’ ಎಂದು ಬರೆದಿದ್ದೆ. “ಹಾಗಲ್ಲ ಆಂಟಿ, ತಿರುಗಿ ಹಿಡಿದೆ. ತಿರುಗೋದೇ ಕಷ್ಟ” ಎಂದ. ತಿದ್ದಿದ್ದೇನೆ.

ಈ ‘ಆಂಟಿ’ಯ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಹದಿನೇಳು ವರ್ಷದಿಂದ ಆಪ್ತಸಲಹೆ ಮಾಡುತ್ತಿದ್ದೇನೆ. ಕನ್ನಡದ ಮನೆಯ ಮಕ್ಕಳು ನನ್ನನ್ನು ಹೆಸರು ಹಿಡಿದು ಕರೆಯಲಿ ಎಂದು ಮೊದಲೆಲ್ಲ ಹಟ ಹಿಡಿಯುತ್ತಿದ್ದೆ. ಒಬ್ಬರಿಗೂ ಬಾಯಿ ಬರಲಿಲ್ಲ, ಬಿಟ್ಟುಬಿಟ್ಟೆ.

ಚಿನ್ಮಯನಿಗೆ ಇಪ್ಪತ್ತು. ಮಧ್ಯಪಶ್ಚಿಮ ರಾಜ್ಯವೊಂದರ ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷ, ಅಲ್ಲಿನ ಫುಟ್‌ಬಾಲ್ ತಂಡದಲ್ಲಿ ರಿಸೀವರ್. ಇದು ನಮ್ಮ ಫುಟ್‌ಬಾಲ್ ಅಲ್ಲ, ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅಮೆರಿಕದವರದ್ದು. ಹನ್ನೊಂದು ಜನರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬಾತ ಎಸೆಯುತ್ತಾನೆ. ಮೂವರೋ ನಾಲ್ವರೋ ರಿಸೀವರ್‌ಗಳು ಮೊದಲೇ ಗೊತ್ತುಮಾಡಿಕೊಂಡ ದಾರಿಯಲ್ಲಿ ಓಡಿ, ಬಾಲು ಬರುವ ಹೊತ್ತಿಗೆ ಅಲ್ಲಿರಬೇಕು. ಆ ದಾರಿಗೆ ರೂಟ್ ಎನ್ನುತ್ತಾರೆ. ಇವನ ತಂಡದಲ್ಲಿ ಮೂರು ಜಾಗಕ್ಕೆ ಹನ್ನೆರಡು ರಿಸೀವರ್‌ಗಳಿದ್ದರು. ಎಲ್ಲರೂ ತಮ್ಮ ತಮ್ಮ ಹೈಸ್ಕೂಲಿನಲ್ಲಿ ಮೊದಲಿಗರೇ. ನಮ್ಮ ಪಿಯುಸಿಯ ರ‍್ಯಾಂಕ್ ಹುಡುಗರನ್ನೆಲ್ಲ ಒಂದೇ ಕ್ಲಾಸಿಗೆ ತುಂಬಿದರೆ ಕೊನೆ ಬೆಂಚಿನಲ್ಲೂ ಒಬ್ಬ ಕೂರಲೇಬೇಕಲ್ಲ, ಹಾಗೆ.

ಮೊದಲ ಸಲ ಬಂದದ್ದು ಅಕ್ಟೋಬರ್‌ನಲ್ಲಿ. ನಿದ್ದೆ ಇಲ್ಲ, ಆರ್ಗ್ಯಾನಿಕ್ ಕೆಮಿಸ್ಟ್ರಿ ತಲೆಗೆ ಹತ್ತುತ್ತಿಲ್ಲ. ಆರು ಪಂದ್ಯ ಮುಗಿದಿದ್ದವು. ಗೆದ್ದಾಗಿದ್ದ ಪಂದ್ಯಗಳ ಕೊನೆಯಲ್ಲಿ ನಾಲ್ಕಾರು ನಿಮಿಷ ಮೈದಾನಕ್ಕೆ ಬಿಟ್ಟಿದ್ದರು, ಅಷ್ಟೆ. ಮಂಗಳವಾರ ಬುಧವಾರ ಸ್ಕೌಟ್ ಟೀಮಿನಲ್ಲಿ ಆಡುತ್ತಿದ್ದ. ಅಂದರೆ, ಆ ಶನಿವಾರ ಎದುರಾಗುವ ತಂಡದ ರಿಸೀವರ್ ಹೇಗೆ ಓಡುತ್ತಾನೋ ಹಾಗೆಯೇ ಓಡಿ ತೋರಿಸಿ, ನಮ್ಮ ತಂಡದ ತಡೆಯುವ ಹುಡುಗರಿಗೆ ಅಭ್ಯಾಸ ಮಾಡಿಸುವುದು. ಮೈಮೇಲೆ ಎದುರಾಳಿಯ ನಂಬರು. “ಆರು ವಾರ ಆರು ಜನ ಆಗಿದೀನಿ ಆಂಟಿ. ನಾನಾಗಿ ಯಾವತ್ತು ಓಡ್ತೀನೋ ಗೊತ್ತಿಲ್ಲ” ಎಂದು ನಗುತ್ತಲೇ ಹೇಳಿದ.

ಆ ಮಾತನ್ನು ನಾನು ಅಲ್ಲೇ ಹಿಡಿಯಬೇಕಿತ್ತು. ಅದನ್ನು ಬಿಟ್ಟು ನಿದ್ದೆಯ ದಿನಚರಿ ಬರೆಯಲು ಹೇಳಿದೆ, ಉಸಿರಾಟದ ಅಭ್ಯಾಸ ಕಲಿಸಿದೆ, ನಿನ್ನ ಕೈಯಲ್ಲಿರುವುದನ್ನು ಮಾತ್ರ ನೋಡು ಎಂದೆ. ಯಾವ ಆಟಗಾರನಿಗೂ ಹೇಳಬಹುದಾದ ಮಾತುಗಳು. ಎರಡು ಸಲ ಬಂದು ನಿಲ್ಲಿಸಿದ. ನಿಲ್ಲಿಸಿದ್ದು ಸರಿಯೇ ಇತ್ತು.

ನವೆಂಬರ್ ಮೂರನೆಯ ವಾರ ಮತ್ತೆ ಬಂದ. ಅಷ್ಟರಲ್ಲಿ ಎಲ್ಲ ತಲೆಕೆಳಗಾಗಿತ್ತು. ಮುಂದಿದ್ದ ಒಬ್ಬನಿಗೆ ತೊಡೆಯ ಸ್ನಾಯು ಹರಿದಿತ್ತು, ಇನ್ನೊಬ್ಬನಿಗೆ ಭುಜ. ಎಂಟನೆಯ ಪಂದ್ಯದಲ್ಲಿ ತಂಡದ ಮುಖ್ಯ ರಿಸೀವರ್‌ನ ಮಂಡಿಯ ಲಿಗಮೆಂಟ್ ಹೋಯಿತು. ಅವನು ಚಿನ್ಮಯನ ರೂಮಿನವನು, ಎರಡು ವರ್ಷ ದೊಡ್ಡವನು. ಒಂಬತ್ತನೆಯ ಪಂದ್ಯದಲ್ಲಿ ಚಿನ್ಮಯ ಎರಡು ಬಾಲು ಹಿಡಿದ. ಹತ್ತನೆಯದರಲ್ಲಿ ಆರು, ಜೊತೆಗೆ ಒಂದು ಟಚ್‌ಡೌನ್, ಅಂದರೆ ಬಾಲಿನೊಂದಿಗೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಗಳಿಸುವುದು. ಹನ್ನೊಂದನೆಯದರಲ್ಲಿ ಏಳು. ಹೆಸರೇ ಗೊತ್ತಿಲ್ಲದಿದ್ದವನನ್ನು ಕ್ಯಾಂಟೀನಿನಲ್ಲಿ ಜನ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳತೊಡಗಿದರು.

“ಈಗ ಆಡ್ತಾ ಇದೀನಿ ಆಂಟಿ. ಈಗ್ಲೂ ನಿದ್ದೆ ಬರ್ತಿಲ್ಲ.”

ಆಡಬೇಕೋ ಬೇಡವೋ ಎನ್ನುವುದರಲ್ಲೇ ಒಂದು ಮುಳ್ಳಿತ್ತು. ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ 2018ರಲ್ಲಿ ಒಂದು ನಿಯಮ ತಂದಿತು. ಒಂದು ಋತುವಿನಲ್ಲಿ ನಾಲ್ಕು ಪಂದ್ಯದವರೆಗೆ ಆಡಿದರೂ ಆ ವರ್ಷ, ಕಾಲೇಜಿನಲ್ಲಿ ಆಡಲು ಸಿಗುವ ಕೆಲವೇ ವರ್ಷಗಳ ಲೆಕ್ಕಕ್ಕೆ ಬಾರದಂತೆ ಉಳಿಸಿಕೊಳ್ಳಬಹುದು. ಇದಕ್ಕೆ ರೆಡ್‌ಶರ್ಟ್ ಎನ್ನುತ್ತಾರೆ. ಐದನೆಯ ಪಂದ್ಯಕ್ಕೆ ಕಾಲಿಟ್ಟರೆ ವರ್ಷ ಖರ್ಚು. ಚಿನ್ಮಯ ಆಗಲೇ ನಾಲ್ಕರಲ್ಲಿ ಇಣುಕಿದ್ದ. ಗೆಳೆಯ ಬಿದ್ದ ಮರುದಿನ, ಭಾನುವಾರ, ಕೋಚ್ ಕರೆದು ಕೇಳಿದರು. “ಯೋಚನೆ ಮಾಡಿ ನಾಳೆ ಹೇಳು ಅಂದ್ರು. ನಾನು ಅಲ್ಲೇ ಹೂಂ ಅಂದೆ. ಒಂದು ನಿಮಿಷಾನೂ ತಗೊಳ್ಳಲಿಲ್ಲ.” ಆ ‘ಒಂದು ನಿಮಿಷಾನೂ’ ಎಂಬುದನ್ನು ಆ ದಿನ ನನ್ನೆದುರು ಮೂರು ಸಲ ಹೇಳಿದ.

ಹನ್ನೊಂದನೆಯ ಪಂದ್ಯದಲ್ಲಿ ಏಳು ಹಿಡಿದವನು ಮಾತಾಡಿದ್ದು ಹಿಡಿಯದ ಒಂದರ ಬಗ್ಗೆ ಮಾತ್ರ. ಈ ಆಟದಲ್ಲಿ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಎನ್ನುತ್ತಾರೆ. ಮೂರನೆಯದು ತಪ್ಪಿದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಬಾಲನ್ನು ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಮೂರನೆಯ ಅವಕಾಶ, ಏಳು ಗಜ ಬೇಕು. ಡಿಗ್ ಎಂಬ ರೂಟ್: ನೇರ ಓಡಿ, ಗಕ್ಕನೆ ಒಳಕ್ಕೆ ಮುರಿದು, ಮೈದಾನದ ನಡುವಿಗೆ ಅಡ್ಡ ಬರುವುದು. ಬೆನ್ನಟ್ಟಿದವನು ಎರಡು ಹೆಜ್ಜೆ ಹಿಂದಿದ್ದ. ಬಾಲು ಎದೆಮಟ್ಟಕ್ಕೆ ಬಂತು, ಎರಡೂ ಅಂಗೈಗೆ ಬಡಿದು ಕೆಳಗೆ ಬಿತ್ತು. ನನ್ನೆದುರು ಎರಡು ಕೈಯನ್ನೂ ಹಾಗೆಯೇ ಹಿಡಿದು ತೋರಿಸಿದ, ಹೆಬ್ಬೆರಳು ಹೆಬ್ಬೆರಳಿಗೆ ತಾಕಿಸಿ. ಆಮೇಲೆ ಕೈ ಇಳಿಸುವುದನ್ನೇ ಮರೆತ.

ಸರಿ, ಗೆಲುವಿನ ಒತ್ತಡ ಎಂದುಕೊಂಡೆ. ಮತ್ತೆ ಅದೇ ತಪ್ಪು ಮಾಡುವವಳಿದ್ದೆ. ಅವನಿಗೆ ಧೈರ್ಯ ಬರಲಿ ಎಂದು, ಹೀಗೆ ಋತುವಿನ ಕೊನೆಯಲ್ಲಿ ಬೆಳಕಿಗೆ ಬಂದವರು ಬೇರೆ ಯಾರಿದ್ದಾರೆ ಎಂದು ಕೇಳಿದೆ. ಗಡಗಡನೆ ಹೇಳಿದ. ಅಲಬಾಮಾದ ಡೆವಾಂಟಾ ಸ್ಮಿತ್ 2018ರ ಜನವರಿಯಲ್ಲಿ ಜಾರ್ಜಿಯಾ ಎದುರು 41 ಗಜದ ಎಸೆತ ಹಿಡಿದು ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆಲ್ಲಿಸಿದ್ದು, ಅದೇ ಹುಡುಗ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 2020ಕ್ಕೆ ಪಡೆದದ್ದು. ಒಹಾಯೊ ಸ್ಟೇಟ್‌ನ ಮಾರ್ವಿನ್ ಹ್ಯಾರಿಸನ್ ಜೂನಿಯರ್, ಹಿರಿಯರಿಬ್ಬರು ಆಡದೆ ಉಳಿದ 2022ರ ರೋಸ್ ಬೌಲ್ ಎಂಬ ದೊಡ್ಡ ಪಂದ್ಯದಲ್ಲಿ ಮೂರು ಟಚ್‌ಡೌನ್ ಹಿಡಿದದ್ದು. ಅದೇ ಕಾಲೇಜಿನ ಕ್ರಿಸ್ ಒಲಾವೆ, 2018ರ ನವೆಂಬರ್‌ನಲ್ಲಿ ಮಿಷಿಗನ್ ವಿರುದ್ಧ ಎರಡು ಟಚ್‌ಡೌನ್ ಹಿಡಿದು, ಎದುರಾಳಿ ಒದ್ದ ಬಾಲನ್ನೂ ತಡೆದದ್ದು.

“ಒಲಾವೆಗೆ ಜಾಗ ಹೇಗೆ ಸಿಕ್ತು?” ಎಂದೆ, ಮಾತು ಮುಂದುವರಿಯಲಿ ಎಂದಷ್ಟೇ.

“ಆಸ್ಟಿನ್ ಮ್ಯಾಕ್‌ಗೆ ಪಾದಕ್ಕೆ ಗಾಯ ಆಗಿತ್ತು.”

ಯೋಚಿಸದೆ ಬಂದ ಉತ್ತರ. ಒಲಾವೆಯ ಆ ದಿನದ ಆಟವನ್ನು ಸಾವಿರಾರು ಹುಡುಗರು ನೋಡಿದ್ದಾರೆ. ಅದಕ್ಕೆ ಮೊದಲು ಗಾಯವಾಗಿ ಹೊರಗೆ ಕೂತವನ ಹೆಸರನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡವರು ಎಷ್ಟು ಜನವೋ. ನಾನು ಸುಮ್ಮನಾದೆ. ಅವನೂ ಸುಮ್ಮನಾದ. ಹೀಟರ್‌ನ ಸದ್ದೊಂದೇ ಕೇಳುತ್ತಿತ್ತು.

“ಡಿಗ್ ಅವನದು ಆಂಟಿ” ಎಂದ ಕೊನೆಗೆ. “ಬೇಸಿಗೆಯೆಲ್ಲ ನನಗೆ ಅದನ್ನ ಹೇಳಿಕೊಟ್ಟಿದ್ದೇ ಅವನು. ಯಾವ ಕಾಲು ಊರಿ ತಿರುಗಬೇಕು ಅಂತ ಪಾರ್ಕಿಂಗ್ ಲಾಟ್‌ನಲ್ಲಿ ಚಾಕ್‌ನಲ್ಲಿ ಗೀಚಿ ತೋರಿಸಿದ್ದ. ಥರ್ಡ್ ಡೌನ್ ಬಂದ್ರೆ ಎಲ್ಲರಿಗೂ ಗೊತ್ತು, ಅದು ಅವನ ಬಾಲು. ಅವನ ಬಾಲು ನನ್ನ ಕೈಗೆ ಬಂತು.”

ಗೆಳೆಯ ಶಸ್ತ್ರಚಿಕಿತ್ಸೆಗೆ ಕಾಯುತ್ತ ಅಕ್ಕನ ಮನೆಯಲ್ಲಿದ್ದ. ಮೂರು ವಾರದಿಂದ ಚಿನ್ಮಯ ಅವನನ್ನು ನೋಡಿರಲಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸದೆ ಇಟ್ಟುಕೊಂಡ ಉದ್ದನೆಯ ಒಂದು ಸಂದೇಶವಿತ್ತು, ಕ್ಷಮಿಸು ಎಂದು. ಓದಿ ತೋರಿಸಿದ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಅದನ್ನು ಕಳಿಸಬೇಡ ಎಂಬುದು. ಕ್ಷಮೆ ಕೇಳಲು ನೀನು ತಪ್ಪು ಮಾಡಿಲ್ಲ ಎಂಬ ವಾದಕ್ಕೆ ನಾನು ಹೋಗಲಿಲ್ಲ. ತಪ್ಪಿತಸ್ಥನೆಂದು ಅನ್ನಿಸುತ್ತಿರುವವನಿಗೆ ಆ ಮಾತು ಒಳಗಿಳಿಯುವುದಿಲ್ಲ. ಕೇಳಿದ್ದು ಬೇರೆ. ಮಂಡಿ ಮುರಿದುಕೊಂಡು ಮಲಗಿದವನಿಗೆ ಈ ಸಂದೇಶ ಹೋದರೆ ಅವನು ಏನು ಮಾಡಬೇಕು? ‘ಅಯ್ಯೋ ಹಾಗಂದ್ಕೋಬೇಡ’ ಎಂದು ನಿನ್ನನ್ನೇ ಸಮಾಧಾನ ಮಾಡಬೇಕು. ನೋವು ಅವನದು, ಸಂತೈಸುವ ಕೆಲಸವೂ ಅವನದೇ ಆಯಿತಲ್ಲ? ಚಿನ್ಮಯ ಸ್ವಲ್ಪ ಹೊತ್ತು ಯೋಚಿಸಿ, “ಮತ್ತೆ ಏನು ಹೇಳ್ಲಿ?” ಎಂದ. ಏನೂ ಹೇಳಬೇಡ, ಕೇಳು ಎಂದೆ. ಬಿಟ್ಟ ಆ ಬಾಲಿನ ವಿಡಿಯೊ ತಗೊಂಡು ಹೋಗು. ಎಲ್ಲಿ ತಪ್ಪಿತು ನೋಡು ಎಂದು ಕೇಳು. ಇಡೀ ತಂಡದಲ್ಲಿ ಅದನ್ನು ಅವನಿಗಿಂತ ಚೆನ್ನಾಗಿ ಹೇಳುವವರಿದ್ದಾರಾ?

ಉಳಿದವು ಸಣ್ಣಪುಟ್ಟವು. ರಾತ್ರಿ ಹತ್ತರ ಮೇಲೆ ಪಂದ್ಯದ ವಿಡಿಯೊ ನೋಡಬಾರದು. ಇನ್‌ಸ್ಟಾಗ್ರಾಂ ಕೊನೆಯ ಪಂದ್ಯ ಮುಗಿಯುವವರೆಗೆ ಫೋನಿನಿಂದ ತೆಗೆಯಬೇಕು. ಬದುಕು ಸಾಕೆನಿಸುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ, ಎಲ್ಲರಿಗೂ ಕೇಳುತ್ತೇನೆ. ಇಲ್ಲ ಎಂದ. ಆದರೂ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದಾದ 988 ಸಹಾಯವಾಣಿಯ ನಂಬರನ್ನು ಫೋನಿನಲ್ಲಿ ಸೇರಿಸಿಸಿದೆ. ತಂಡದ ಮನಶ್ಶಾಸ್ತ್ರಜ್ಞರಿಗೂ ನಿದ್ದೆಯ ವಿಷಯ ತಿಳಿದಿರಲಿ ಎಂದೆ. ಅದಕ್ಕೆ ಮಾತ್ರ ಹಿಂದೇಟು ಹಾಕಿದ. ಕೋಚ್‌ಗೆ ಗೊತ್ತಾದರೆ ಹಿಂದಕ್ಕೆ ತಳ್ಳುತ್ತಾರೆ ಎಂಬ ಭಯ. ಬಲವಂತ ಮಾಡಲಿಲ್ಲ.

ಇನ್ನು ಅಪ್ಪ. ಅಕ್ಟೋಬರ್‌ನಲ್ಲೇ ಒಂದು ಸಲ ಫೋನ್ ಮಾಡಿದ್ದರು. “ಮೇಡಂ, ಫೀಸು ಕಟ್ಟೋನು ನಾನು. ಹುಡುಗನಿಗೆ ಏನಾಗಿದೆ ಅಂತ ಹೇಳೋಕೇನು?” ಅವನು ನನ್ನಲ್ಲಿಗೆ ಬರುತ್ತಾನೆ ಎಂಬುದನ್ನೂ ನಾನು ಒಪ್ಪಿಕೊಳ್ಳುವಂತಿಲ್ಲ, ವಯಸ್ಕರ ವಿಷಯದಲ್ಲಿ ಇಲ್ಲಿನ ಕಾನೂನು ಹಾಗೆ. “ನಮ್ಮೂರಲ್ಲಾದ್ರೆ ಡಾಕ್ಟ್ರು ಮೊದ್ಲು ಅಪ್ಪನ ಹತ್ರಾನೇ ಹೇಳ್ತಾರೆ” ಎಂದು ಬೇಸರದಿಂದ ಇಟ್ಟರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ನನ್ನಪ್ಪನೂ ಹಾಗೇ ಹೇಳುತ್ತಿದ್ದರು.

ಡಿಸೆಂಬರ್ ಮೊದಲ ವಾರ ಮಗನೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಅಪ್ಪನನ್ನು ಕರೆತಂದ. ಸೆಪ್ಟೆಂಬರ್‌ನಲ್ಲಿ ‘ಆಟ ಬಿಟ್ಟು ಮೆಡಿಕಲ್‌ಗೆ ಓದು’ ಎನ್ನುತ್ತಿದ್ದವರು ಈಗ ಮಗನ ಆಟದ ತುಣುಕುಗಳನ್ನು ಊರಿನ ಮೂರು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಿದ್ದರು. ಅವರ ಚಿಂತೆಯೇ ಬೇರೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು, ಬೇರೆ ಕಾಲೇಜಿಗೆ ಹೋದರೆ ಒಂದು ವರ್ಷ ಸುಮ್ಮನೆ ಕೂರಬೇಕಿಲ್ಲ. ಕಾಲೇಜು ಬದಲಿಸಬಯಸುವವರು ಹೆಸರು ಕೊಡುವ ಪೋರ್ಟಲ್ ಆಗ ಡಿಸೆಂಬರ್‌ನಲ್ಲಿ ತೆರೆಯುತ್ತಿತ್ತು. ಅದರಲ್ಲಿ ಹೆಸರು ಹಾಕು ಎಂಬುದು ಅಪ್ಪನ ವಾದ.

“ಕರುಣ್ ನಾಯರ್ ನೋಡಿ ಮೇಡಂ” ಎಂದರು. “2016ರ ಡಿಸೆಂಬರ್, ಚೆನ್ನೈ, ಇಂಗ್ಲೆಂಡ್ ಮೇಲೆ ಔಟಾಗದೆ 303. ಮುಂದಿನ ಟೆಸ್ಟ್ ಹೈದರಾಬಾದ್‌ನಲ್ಲಿ, ಬಾಂಗ್ಲಾದೇಶದ ಜೊತೆ. ಗಾಯ ವಾಸಿ ಮಾಡ್ಕೊಂಡು ರಹಾನೆ ಬಂದ, ಇವನ್ನ ಕೂರಿಸಿದ್ರು. ತ್ರಿಶತಕ ಹೊಡೆದವನ ಗತಿಯೇ ಹಾಗಾದ್ರೆ ಇವನದೇನು? ಆ ಹುಡುಗ ಮಂಡಿ ಸರಿಮಾಡ್ಕೊಂಡು ಬಂದ ದಿನ ನಮ್ಮೋನು ಮತ್ತೆ ಬೆಂಚಿಗೆ.”

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಚಿನ್ಮಯ ಮಾತ್ರ ಅಪ್ಪನನ್ನೇ ನೋಡುತ್ತಿದ್ದ. “ಅಪ್ಪ, ರಹಾನೆ ಏನ್ ತಪ್ಪು ಮಾಡಿದ್ದ?” ಎಂದ.

ಅಪ್ಪ ಉತ್ತರಿಸಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

ಅವರಿಗೆ ನಾನು ಹೇಳಿದ್ದು ಎರಡು. ಪಂದ್ಯ ಮುಗಿಸಿ ಫೋನ್ ಮಾಡಿದಾಗ ಎಷ್ಟು ಹಿಡಿದೆ ಎಂದು ಮೊದಲು ಕೇಳಬೇಡಿ, ಊಟ ಆಯ್ತಾ ಎಂದು ಕೇಳಿ. ಅದು ನಿಮಗೆ ಹೇಗೂ ಬಾಯಿಗೆ ಬರುವ ಮಾತು. ಪೋರ್ಟಲ್ ಬಗ್ಗೆ ಹತ್ತು ದಿನ ಮನೆಯಲ್ಲಿ ಯಾರೂ ಮಾತೆತ್ತಬಾರದು. ಆಮೇಲೆ ಅವನೇ ಎತ್ತಿದರೆ ಲೆಕ್ಕ ಹಾಕಿ, ಹಣವನ್ನೂ ಸೇರಿಸಿಯೇ ಹಾಕಿ. ಹಣದ ಮಾತು ಕೀಳಲ್ಲ. ಹೋಗಬೇಕೋ ಇರಬೇಕೋ ಎಂಬುದರಲ್ಲಿ ನನ್ನ ಅಭಿಪ್ರಾಯ ಕೇಳಿದರು. ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಪೋರ್ಟಲ್ ಮುಚ್ಚಿದ ದಿನ ಅವನ ಹೆಸರು ಅದರಲ್ಲಿರಲಿಲ್ಲ.

ಕೊನೆಯ ಪಂದ್ಯ ಇದಕ್ಕೆ ಮೊದಲೇ ಮುಗಿದಿತ್ತು. ಚಿನ್ಮಯ ಹಿಡಿದದ್ದು ನಾಲ್ಕು, ಟಚ್‌ಡೌನ್ ಇಲ್ಲ, ತಂಡ ಸೋತಿತು. ಅದಕ್ಕೆ ಎರಡು ದಿನ ಹಿಂದೆ ವಿಡಿಯೊ ಹಿಡಿದು ಗೆಳೆಯನ ಅಕ್ಕನ ಮನೆಗೆ ಹೋಗಿದ್ದ. ಗೆಳೆಯ ಮೊದಲ ಹತ್ತು ನಿಮಿಷ ಮುಖ ಕೊಟ್ಟು ಮಾತಾಡಲಿಲ್ಲವಂತೆ. “ಮೂರು ವಾರ ಎಲ್ಲಿ ಸತ್ತಿದ್ದೆ?” ಎಂದನಂತೆ. ಆಮೇಲೆ ವಿಡಿಯೊ ಹಿಂದೆ ಮುಂದೆ ಓಡಿಸಿ, ಊರಿದ ಕಾಲು ಸರಿಯಾಗಿಯೇ ಇದೆ, ಕಣ್ಣು ಬಾಲು ಬರುವ ಮೊದಲೇ ಕೆಳಗಿಳಿದಿದೆ ಎಂದನಂತೆ. ಹಿಡಿಯುವ ಮೊದಲೇ ಓಡಲು ಹೊರಟಿದ್ದೀಯ ಅಂತ. ನಾನು ಮನಸ್ಸಿನ ಕಾರಣ ಹುಡುಕಿದ್ದೆ, ಅವನು ಕಣ್ಣಿನ ಕಾರಣ ತೋರಿಸಿದ. ಎರಡೂ ನಿಜವಿರಬಹುದು.

ಚಿನ್ಮಯ ಜನವರಿ, ಫೆಬ್ರುವರಿಯಲ್ಲಿ ತಿಂಗಳಿಗೆ ಎರಡು ಸಲ ಬಂದ. ನಿದ್ದೆ ಆರು ತಾಸಿಗೆ ಬಂತು. ಮುಂದಿನ ಋತುವಿನಲ್ಲಿ ಇಬ್ಬರಿಗೂ ಒಂದೇ ಜಾಗ ಎಂಬ ಮಾತನ್ನು ಇಬ್ಬರೂ ಇನ್ನೂ ಎತ್ತಿಲ್ಲ. ಎತ್ತಲೇಬೇಕಾಗುತ್ತದೆ, ಅದಕ್ಕೆ ತಯಾರಿ ಮಾಡುತ್ತಿದ್ದೆವು.

ಮಾರ್ಚ್ ಕೊನೆಯ ಒಂದು ಗುರುವಾರ, ಬರಬೇಕಾದ ಹೊತ್ತಿಗೆ ಇಪ್ಪತ್ತು ನಿಮಿಷವಿರುವಾಗ ಮೆಸೇಜ್ ಬಂತು. ‘ಸಾರಿ ಆಂಟಿ, ಇವತ್ತು ಆಗಲ್ಲ. ಡಾಕ್ಟರ್ ಅವನಿಗೆ ಓಡೋಕೆ ಓಕೆ ಅಂದ್ರಂತೆ, ಈಗ್ಲೇ ಟ್ರ್ಯಾಕ್‌ಗೆ ಬಾ ಅಂತಿದಾನೆ. ಸ್ಟಾಪ್‌ವಾಚ್ ನಾನೇ ಹಿಡೀಬೇಕಂತೆ.’

ಇಪ್ಪತ್ತನಾಲ್ಕು ಗಂಟೆ ಮೊದಲು ತಿಳಿಸದಿದ್ದರೆ ಪೂರ್ತಿ ಫೀಸು ಎಂದು ನನ್ನ ಬಾಗಿಲ ಮೇಲೇ ಬರೆದಿದೆ. ಆ ದಿನದ ಬಿಲ್ ಕಳಿಸಲಿಲ್ಲ.