ಯಾರಿಗೆ ಹೇಳ್ತಿದೀರ, ಏನು ಕೇಳ್ತಿದೀರ? ಭಾಷಣ-ಪ್ರಬಂಧದ ಬಗ್ಗೆ ಓದುಗರ ಪ್ರಶ್ನೆಗಳು

ಆಗಸ್ಟ್ 15, ಪ್ರತಿಭಾ ಕಾರಂಜಿ, ಚರ್ಚಾ ಸ್ಪರ್ಧೆ ಅಂತ ಶುರುವಾದ್ರೆ ಸಾಕು, ಈ ಅಂಕಣಕ್ಕೆ ಬರೋ ಪತ್ರಗಳಲ್ಲಿ ಅರ್ಧ ಭಾಷಣದ್ದೇ. ಈ ಸಲ ಚಿತ್ರದುರ್ಗ, ದಾವಣಗೆರೆ ಕಡೆಯಿಂದ ಬಂದವನ್ನ ಒಟ್ಟಿಗೆ ತಗೊಂಡಿದೀನಿ.

ಮೇಷ್ಟ್ರೆ, ಮಗಳು ಎಂಟನೇ ಕ್ಲಾಸು. ‘ನೀರು ಉಳಿಸಿ’ ಅಂತ ಮೂರು ನಿಮಿಷದ ಭಾಷಣ ಕೊಟ್ಟಿದಾರೆ. ನಾನು, ಅವಳ ಅಪ್ಪ ಕೂತು ಬರೆದುಕೊಟ್ವಿ. ಮಿಸ್ಸು ಓದಿ, ಭಾಷೆ ಚೆನ್ನಾಗಿದೆ ಆದ್ರೆ ಇದನ್ನ ಕೇಳಿ ಯಾರೂ ನಲ್ಲಿ ನಿಲ್ಲಿಸಲ್ಲ ಅಂದ್ರಂತೆ. ಕಾಪಿ ಕಳಿಸಿದೀನಿ, ಏನು ಕಮ್ಮಿ ಆಗಿದೆ ಹೇಳಿ.
ಒಬ್ಬ ತಾಯಿ, ಚಿತ್ರದುರ್ಗ

ಓದಿದೆ ಅಮ್ಮ. ಮಿಸ್ಸು ಸರಿಯಾಗೇ ಹೇಳಿದಾರೆ. ಮೊದಲನೇ ಸಾಲು ‘ನೀರು ಜೀವಜಲ, ನೀರಿಲ್ಲದೆ ಬದುಕಿಲ್ಲ’ ಅಂತ ಇದೆ, ಇದನ್ನ ಇಲ್ಲ ಅನ್ನೋರು ಯಾರಾದ್ರೂ ಇದಾರಾ? ಒಪ್ಪಿಕೊಂಡು ಕೂತಿರೋರನ್ನೇ ಒಪ್ಪಿಸೋಕೆ ಮೂರು ನಿಮಿಷ ಯಾಕೆ ಬೇಕು. ಕೊನೆಗೆ ‘ಪ್ರತಿಯೊಬ್ಬ ನಾಗರಿಕನೂ ಎಚ್ಚೆತ್ತುಕೊಳ್ಳಬೇಕು’ ಅಂತ ಬರೆದಿದೀರ, ಪ್ರತಿಯೊಬ್ಬ ನಾಗರಿಕ ಅಂದ ತಕ್ಷಣ ಹಿಂದಿನ ಬೆಂಚಿನ ಹುಡುಗ ಇದು ನಂಗಲ್ಲ ಬಿಡು ಅಂತ ಆರಾಮಾಗಿ ಕೂತುಬಿಡ್ತಾನೆ.

ಮಗಳಿಗೆ ಎರಡು ಪ್ರಶ್ನೆ ಕೇಳಿ: ನಿನ್ನ ಮುಂದೆ ಕೂತಿರೋರು ಯಾರು, ಅವರು ನಾಳೆ ಬೆಳಿಗ್ಗೆ ಏನು ಮಾಡ್ಬೇಕು? ಕೂತಿರೋರು ಸ್ಕೂಲ್ ಮಕ್ಕಳು, ಟೀಚರ್‌ಗಳು, ಎಚ್‌ಎಂ. ಹಂಗಾದ್ರೆ ಮಾತಾಡಬೇಕಾಗಿರೋದು ಬಿಸಿಯೂಟ ಆದ್ಮೇಲೆ ತಟ್ಟೆ ತೊಳಿಯೋ ನಲ್ಲಿ ಬಗ್ಗೆ. ಅವಳೇ ಒಂದು ಬಕೆಟ್ ತಗೊಂಡು ತೊಟ್ಟಿಕ್ಕೋ ನಲ್ಲಿ ಕೆಳಗೆ ಒಂದು ಪೀರಿಯಡ್ ಇಟ್ಟು, ಎಷ್ಟು ಲೀಟರ್ ತುಂಬಿತು ಅಂತ ಬರ್ಕೊಳ್ಳಲಿ, ಆ ಲೆಕ್ಕ ಇಂಟರ್‌ನೆಟ್ಟಲ್ಲಿ ಸಿಗೋ ಯಾವ ಅಂಕಿಗಿಂತಲೂ ಗಟ್ಟಿ, ಯಾಕಂದ್ರೆ ಕೇಳ್ತಿರೋರೆಲ್ಲ ಆ ನಲ್ಲಿ ನೋಡಿದಾರೆ. ಆಮೇಲೆ ‘ಸರ್, ಈ ವಾರ ವಾಷರ್ ಹಾಕಿಸ್ತೀರಾ?’ ಅಂತ ನೇರವಾಗಿ ಕೇಳಲಿ. ಎಚ್‌ಎಂ ಎಲ್ಲರ ಎದುರಿಗೆ ಇಲ್ಲ ಅನ್ನೋಕಾಗಲ್ಲ, ನೋಡ್ತಿರಿ.

ಊರಿನ ವಿಷಯವೂ ಒಂದಿರಲಿ. ನಿಮ್ಮ ದುರ್ಗಕ್ಕೆ ಕುಡಿಯೋ ನೀರು ಬರೋದು ಚನ್ನಗಿರಿ ತಾಲೂಕಿನ ಸೂಳೆಕೆರೆ ಅಂದ್ರೆ ಶಾಂತಿಸಾಗರದಿಂದ, ಮತ್ತೆ ಹಿರಿಯೂರು ಹತ್ರದ ವಾಣಿವಿಲಾಸ ಸಾಗರದಿಂದ. ಆ ವಾಣಿವಿಲಾಸ 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, ನಡುವೆ 89 ವರ್ಷ. ಅಷ್ಟು ವರ್ಷ ಡ್ಯಾಮ್ ಪಕ್ಕದಲ್ಲೇ ಬದುಕಿ ಒಂದು ಸಲವೂ ಅದು ತುಂಬಿ ಹರಿದಿದ್ದು ನೋಡದೆ ಹೋದೋರು ಎಷ್ಟು ಜನ ಇರಬೇಕು ಅಂತ ಅವಳು ಕೇಳಿದ್ರೆ, ಜೀವಜಲ ಗೀವಜಲ ಅನ್ನೋ ಪದವೇ ಬೇಕಾಗಲ್ಲ.

ಗ್ರೀಸ್ ದೇಶದ ಅರಿಸ್ಟಾಟಲ್ 2300 ವರ್ಷದ ಹಿಂದೆನೇ ಹೇಳಿಟ್ಟಿದಾನೆ, ಜನ ಒಪ್ಪೋದು ಮೂರು ಕಾರಣಕ್ಕೆ ಅಂತ: ಮಾತಾಡೋನ ಮೇಲಿನ ನಂಬಿಕೆ, ಕೇಳೋನ ಮನಸ್ಸಿನ ಭಾವನೆ, ಮಾತಿನೊಳಗಿನ ತರ್ಕ. ಬಕೆಟ್ ಇಟ್ಟು ಅಳೆದೋಳು ಅನ್ನೋದು ನಂಬಿಕೆ, 89 ವರ್ಷ ಅನ್ನೋದು ಭಾವನೆ, ಇಷ್ಟು ಲೀಟರ್ ಪೋಲು ಅದಕ್ಕೆ ಒಂದು ವಾಷರ್ ಸಾಕು ಅನ್ನೋದು ತರ್ಕ. ಇನ್ನೊಂದು, ಮುಂದಿನ ಸಲ ನೀವಿಬ್ರೂ ಬರೀಬೇಡಿ, ಅವಳು ಬರೆದಿದ್ದನ್ನ ಕೇಳಿಸ್ಕೊಳ್ಳಿ ಅಷ್ಟೇ.

ಸರ್, ದಾವಣಗೆರೆಯಲ್ಲಿ ಕಾಲೇಜುಗಳ ಚರ್ಚಾ ಸ್ಪರ್ಧೆ ಇದೆ, ವಿಷಯ ಭದ್ರಾ ಮೇಲ್ದಂಡೆ ಯೋಜನೆ, ಅಂದ್ರೆ ಭದ್ರಾ ನೀರನ್ನ ಎತ್ತಿ ನಮ್ಮ ಚಿತ್ರದುರ್ಗ ಕಡೆಯ ಒಣ ತಾಲೂಕುಗಳಿಗೆ ಕೊಡೋದು. ನಾನು ಪರ. ಎದುರಿನವರ ಪಾಯಿಂಟ್ ನಾನೇ ಎತ್ತಿದ್ರೆ ಅವರಿಗೇ ಮಾರ್ಕ್ಸ್ ಕೊಟ್ಟಂಗೆ ಅಂತಾರೆ ಫ್ರೆಂಡ್ಸು. ಹೌದಾ?
ಪಿಯುಸಿ ವಿದ್ಯಾರ್ಥಿನಿ, ಹೊಳಲ್ಕೆರೆ

ಇಲ್ಲಮ್ಮ, ಉಲ್ಟಾ. ನೀನು ಎತ್ತದಿದ್ರೆ ಅವರು ಎತ್ತೇ ಎತ್ತುತಾರೆ, ಆಗ ನಿನ್ನ ಹತ್ರ ಉತ್ತರ ಕೊಡೋಕೆ ಟೈಮ್ ಇರಲ್ಲ. ಅದೂ ಅಲ್ದೆ ನೀನು ಹೋಗ್ತಿರೋದು ದಾವಣಗೆರೆಗೆ. ಅಲ್ಲಿ ಕೂತಿರೋ ಹುಡುಗರಲ್ಲಿ ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಯವರ ಮಕ್ಕಳಿರ್ತಾರೆ, ಮಲೇಬೆನ್ನೂರು ಕಡೆ ನಾಲೆಯ ಕೊನೇ ಭಾಗದೋರಿರ್ತಾರೆ, ‘ಈಗಲೇ ನಮಗೆ ನೀರು ಮುಟ್ಟಲ್ಲ, ಇನ್ನು ಮೇಲಿನವರಿಗೂ ಕೊಟ್ರೆ ನಮ್ಮ ಗತಿ ಏನು’ ಅನ್ನೋದು ಅವರ ಭಯ. ನೀನು ಎದ್ದು ನಿಂತು ಬರಗಾಲ, ಬರಗಾಲ ಅಂತ ಕೂಗಿದ್ರೆ ಅವರಿಗೆ ನಿಮ್ಮ ಬರ ನಮ್ಮ ತಲೆ ಮೇಲೆ ಹಾಕ್ತಿದೀರ ಅಂತಲೇ ಕೇಳಿಸೋದು.

ಅದಕ್ಕೆ ಶುರು ಮಾಡೋದೇ ಅವರ ಭಯದಿಂದ. ‘ನಾಲೆ ಕೊನೇಲಿರೋ ರೈತನ ಭಯ ಸುಳ್ಳಲ್ಲ’ ಅಂತ ಹೇಳಿ, ಆಮೇಲೆ ಲೆಕ್ಕಕ್ಕೆ ಬಾ. ಯೋಜನೆಗೆ ಭದ್ರಾದಿಂದ ಎತ್ತೋದು 29.90 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು), ಅದರಲ್ಲಿ 17.40 ಟಿಎಂಸಿ ತುಂಗಾದಿಂದ ಭದ್ರಾಕ್ಕೆ ತಂದು ಹಾಕೋದು ಅಂತ ಪ್ಲಾನ್. ಇದನ್ನ ಹೇಳಿದ ಮೇಲೆ ‘ತುಂಗಾ ನೀರು ಬರೋ ಮುಂಚೆನೇ ಭದ್ರಾ ನೀರು ಎತ್ತಿದ್ರೆ?’ ಅಂತ ಒಬ್ಬ ಕೇಳೇ ಕೇಳ್ತಾನೆ, ನಾನಾಗಿದ್ರೆ ಕೇಳ್ತಿದ್ದೆ. ಅದಕ್ಕೆ ಉತ್ತರ ರೆಡಿ ಇಲ್ಲ ಅಂದ್ರೆ ಆ ಅಂಕಿ ಹೇಳ್ಬೇಡ. ಒಂದು ಷರತ್ತು ಒಪ್ಕೊಂಡ್ರೂ ನೀನೇನು ಸೋತಂಗಲ್ಲ, ‘ಮೊದಲು ತುಂಗಾ ನೀರು ಬರಲಿ, ಆಮೇಲೆ ಪೂರ್ತಿ ಎತ್ತಲಿ’ ಅಂದ್ರೆ ಎದುರಿನೋನಿಗೆ ಹೇಳೋಕೆ ಅರ್ಧ ಮಾತು ಕಮ್ಮಿ.

ಇನ್ನೊಂದು ಅಸ್ತ್ರ ಇದೆ, ಜಗಳೂರು. ಅದು ದಾವಣಗೆರೆ ಜಿಲ್ಲೆನೇ, ಆದ್ರೂ ಒಣ ತಾಲೂಕು, ಇದೇ ಯೋಜನೆ ನೀರಿಗೆ ಕಾಯ್ತಾ ಇದೆ. 1997ರಲ್ಲಿ ಜಿಲ್ಲೆ ಭಾಗ ಆಗೋ ತನಕ ಚಿತ್ರದುರ್ಗ, ದಾವಣಗೆರೆ ಎರಡೂ ಒಂದೇ ಜಿಲ್ಲೆ ಅನ್ನೋದನ್ನೂ ಸೇರಿಸು. ಹಂಗಾಗಿ ಇದು ದುರ್ಗದೋರು, ದಾವಣಗೆರೆಯೋರು ಅನ್ನೋ ಜಗಳ ಅಲ್ಲ ಅಂತ ನೀನು ಹೇಳೋದೇ ಬೇಡ, ಜಗಳೂರು ಅಂದ ತಕ್ಷಣ ಅವರಿಗೇ ಹೊಳಿಯುತ್ತೆ. 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆ ಆಗಿದ್ದು ಹೇಳೋದಾದ್ರೆ ‘ಘೋಷಣೆ’ ಅಂತಲೇ ಹೇಳು, ‘ಕೊಟ್ಟಿದಾರೆ’ ಅನ್ಬೇಡ. ಒಂದು ಪದ ತಪ್ಪಿದ್ರೆ ಎದುರಿನ ಟೀಮು ಅಲ್ಲೇ ಹಿಡ್ಕೊಳ್ಳುತ್ತೆ.

‘ಮೊಬೈಲ್ ವಿದ್ಯಾರ್ಥಿಗಳಿಗೆ ಮಾರಕ’ ಅನ್ನೋ ವಿಷಯಕ್ಕೆ ನಂಗೆ ವಿರುದ್ಧ ಬಂದಿದೆ. ಆದ್ರೆ ನಂಗೆ ಮೊಬೈಲ್ ಮಾರಕ ಅಂತಲೇ ಅನ್ಸುತ್ತೆ ಸರ್. ನಂಬದೇ ಇರೋದನ್ನ ಹೆಂಗೆ ಮಾತಾಡ್ಲಿ?
ಹತ್ತನೇ ತರಗತಿ, ಹರಿಹರ

ಭೇಷ್, ಇಂಥ ಹುಡುಗ್ರು ಕಮ್ಮಿ. ನಿಂಗೆ ಲಾಭನೇ ಇದು, ಎದುರಿನವರು ಏನು ಹೇಳ್ತಾರೆ ಅಂತ ನಿಂಗೆ ಮೊದಲೇ ಗೊತ್ತು. ಪೂರ್ತಿ ನಂಬಬೇಕಾಗಿಲ್ಲ, ನಿನಗೆ ನಿಜ ಅನ್ಸೋ ಒಂದು ಭಾಗ ಹಿಡ್ಕೋ. 2020ರಲ್ಲಿ ಸ್ಕೂಲ್ ಮುಚ್ಚಿದಾಗ ಪಾಠ ಚಂದನ ಟಿವೀಲಿ, ಫೋನಲ್ಲಿ ಬಂತು, ವಿದ್ಯಾಗಮ ಅಂತ ಮೇಷ್ಟ್ರುಗಳು ಊರೂರಿಗೆ ಹೋಗಿ ಮರದ ಕೆಳಗೆ, ಗುಡಿ ಕಟ್ಟೆ ಮೇಲೆ ಕೂರಿಸಿ ಹೇಳಿಕೊಟ್ರು. ಆಗ ಮನೇಲಿ ಫೋನ್ ಇಲ್ದೇ ಇದ್ದ ಹುಡುಗ ಹಿಂದೆ ಬಿದ್ದ. ಮಾರಕ ಆಗಿದ್ದು ಇದ್ದ ಫೋನಾ, ಇಲ್ಲದ ಫೋನಾ ಅಂತ ಕೇಳು, ಸಭೆ ಒಂದು ಕ್ಷಣ ಯೋಚ್ನೆ ಮಾಡುತ್ತೆ. ಫೋನಿಂದ ಏನೂ ತೊಂದ್ರೆನೇ ಇಲ್ಲ ಅಂತ ಮಾತ್ರ ಹೇಳ್ಬೇಡ, ನಗ್ತಾರೆ.

ಮಗ ಪ್ರಬಂಧ ಎಲ್ಲ ಚಾಟ್‌ಜಿಪಿಟಿ ಹತ್ರ ಬರೆಸ್ತಾನೆ. ಬೈದ್ರೆ ‘ಎಲ್ರೂ ಮಾಡ್ತಾರೆ’ ಅಂತಾನೆ. ಏನ್ಮಾಡೋದು?
ಒಬ್ಬ ತಂದೆ, ದಾವಣಗೆರೆ

ಬೈದು ಪ್ರಯೋಜನ ಇಲ್ಲ, ಪ್ರಶ್ನೆ ಕೇಳಿ. ಅವನು ತಂದ ಪ್ರಬಂಧದಲ್ಲಿ ಒಂದು ಸಾಲಿಗೆ ಬೆರಳಿಟ್ಟು ‘ಇದು ನಿಜ ಅಂತ ಹೆಂಗೆ ಗೊತ್ತು?’ ಅನ್ನಿ. ತಡವರಿಸ್ತಾನೆ. ಚಾಟ್‌ಜಿಪಿಟಿ ಎಷ್ಟೋ ಸಲ ಇಲ್ಲದ ಅಂಕಿ-ಅಂಶವನ್ನೂ ಇದ್ದಂಗೆ ಹೇಳಿಬಿಡುತ್ತೆ, ಇವನು ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗೆ ಹಂಗೇ ಇಳಿಸ್ಕೊಂಡು ಬರ್ತಾನೆ. ಬಳಸಲೇಬೇಕು ಅಂದ್ರೆ ಮೊದಲು ಅವನೇ ಬರೀಲಿ, ಆಮೇಲೆ ‘ಇದನ್ನ ಒಪ್ಪದೇ ಇರೋನು ಏನು ಕೇಳ್ತಾನೆ’ ಅಂತ ಅದನ್ನ ಕೇಳಲಿ. ಆ ಕೆಲಸಕ್ಕೆ ಅದು ಪರವಾಗಿಲ್ಲ.

ಸಾರ್, ಮನೇಲಿ ಪೂರಾ ಬಾಯಿಪಾಠ ಐತೆ, ಸ್ಟೇಜ್ ಹತ್ತಿದ್ರೆ ನಡುವೆ ಮರ್ತೋಗುತ್ತೆ. ಏನ್ ಮಾಡ್ಲಿ?
ಒಂಬತ್ತನೇ ಕ್ಲಾಸ್ ಹುಡುಗ, ಚಳ್ಳಕೆರೆ

ಗಿಣಿಪಾಠದ ಕಥೆನೇ ಇಷ್ಟಪ್ಪ, ಒಂದು ಪದ ಜಾರಿದ್ರೆ ಅದರ ಹಿಂದೆ ಬರೋದೆಲ್ಲ ಜಾರುತ್ತೆ. ಮೊದಲನೇ ಸಾಲು, ಕೊನೇ ಸಾಲು ಮಾತ್ರ ಬಾಯಿಪಾಠ ಮಾಡು. ನಡುವಿನದಕ್ಕೆ ಒಂದೊಂದು ಪದ ಸಣ್ಣ ಚೀಟಿ ಮೇಲೆ ಬರ್ಕೊ, ಅದನ್ನ ನೋಡ್ಕೊಂಡು ಅಜ್ಜಿಗೆ ಒಂದು ಸಲ, ಫ್ರೆಂಡ್‌ಗೆ ಒಂದು ಸಲ ಬೇರೆ ಬೇರೆ ಮಾತಲ್ಲಿ ಹೇಳು. ಅಜ್ಜಿ ನಡುವೆ ‘ಏನಂದೆ?’ ಅಂದ್ರೆ ಆ ಜಾಗ ಸರಿಯಿಲ್ಲ, ತಿದ್ದು. ಮರೆತ್ರೆ ಸುಮ್ನೆ ನಿಲ್ಲು, ಎರಡು ಸೆಕೆಂಡು ನಿನಗೆ ಉದ್ದ ಅನ್ಸುತ್ತೆ, ಕೂತೋರಿಗೆ ಗೊತ್ತೂ ಆಗಲ್ಲ.

ಭಾಷಣವನ್ನ ಒನಕೆ ಓಬವ್ವನಿಂದ ಶುರು ಮಾಡಿದ್ರೆ ಜಡ್ಜ್‌ಗಳಿಗೆ ಇಷ್ಟ ಆಗುತ್ತಾ?
ಏಳನೇ ಕ್ಲಾಸ್ ಹುಡುಗಿ, ಚಿತ್ರದುರ್ಗ

ನಿಮ್ಮೂರಲ್ಲಿ ಜಡ್ಜ್‌ಗಳು ಅದನ್ನ ದಿನಕ್ಕೆ ಹತ್ತು ಸಲ ಕೇಳಿರ್ತಾರೆ ಪುಟ್ಟಿ. ಪರಿಸರ ಅಂದ್ರೂ ಓಬವ್ವ, ಸ್ವಚ್ಛತೆ ಅಂದ್ರೂ ಓಬವ್ವ. ವಿಷಯಕ್ಕೆ ಕೂಡಿದ್ರೆ ಮಾತ್ರ ಹೇಳು. ಕಾವಲುಗಾರನ ಹೆಂಡತಿ, ಗಂಡ ಊಟಕ್ಕೆ ಕೂತಿದ್ದಾಗ ಯಾರ ಅಪ್ಪಣೆಗೂ ಕಾಯ್ದೆ ಒನಕೆ ಎತ್ತಿದ್ಲು. ‘ದೊಡ್ಡೋರು ಬಂದು ಸರಿ ಮಾಡ್ಲಿ ಅಂತ ಕಾಯ್ಬೇಡಿ’ ಅನ್ನೋದು ನಿನ್ನ ಭಾಷಣದ ಮಾತಾದ್ರೆ ಅವಳು ಅಲ್ಲಿ ಬರಲಿ, ಅದೂ ನಡುವೆ. ಶುರು ಬೇರೆ ಏನಾದ್ರೂ ಹುಡುಕು.