ಎರಡನೇ ದಿನ ಒಂಬತ್ತು ಪ್ಯಾಡ್

ದಾವಣಗೆರೆ ಕಡೆಯ ಓದುಗರೊಬ್ಬರು ನಾಲ್ಕು ಹಾಳೆ ತುಂಬ ಪತ್ರ ಬರೆದಿದ್ದಾರೆ. ವಯಸ್ಸು 24. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

"ಶಾಲೆಯಲ್ಲಿ ನನ್ನನ್ನು ರಬ್ಬರ್ ಗೊಂಬೆ ಅಂತಿದ್ದರು. ಯೋಗದಲ್ಲಿ ತಾಲ್ಲೂಕಿಗೇ ಮೊದಲು ಬಂದಿದ್ದೆ. ಈಗ ಬಟ್ಟೆ ಒಣಹಾಕಲು ಕೈ ಎತ್ತಿದರೆ ಭುಜ ಜಾರುತ್ತದೆ. ಎರಡು ವರ್ಷದ ಹಿಂದೆ ಕೀಲಿನ ಡಾಕ್ಟರು ಎಹ್ಲರ್ಸ್ ಡ್ಯಾನ್ಲೋಸ್ ಸಿಂಡ್ರೋಮ್, ಹೈಪರ್‌ಮೊಬೈಲ್ ಟೈಪ್, ಅಂದರೆ ಕೀಲು ಅತಿ ಸಡಿಲ ಅಂದರು. ಮೊದಲಿನಿಂದಲೂ ನನಗೆ ಮುಟ್ಟು ಒಂಬತ್ತು ಹತ್ತು ದಿನ. ಎರಡನೇ ದಿನ ಒಂಬತ್ತು ಪ್ಯಾಡ್, ಮೂರನೇ ದಿನ ಏಳು, ಎಲ್ಲವೂ ಪೂರ್ತಿ ನೆನೆದಿರುತ್ತವೆ. ದೊಡ್ಡ ದೊಡ್ಡ ರಕ್ತದ ಗಡ್ಡೆ ಬೀಳುತ್ತವೆ. ನೋವಿಗೆ ವಾಂತಿಯೂ ಆಗುತ್ತದೆ. ಅಜ್ಜಿ ಮನೆಯಲ್ಲಿ ಮೂರು ದಿನ ಒಳಗೆ ಬರುವ ಹಾಗಿಲ್ಲ, ಚಾಪೆ ಮೇಲೆ ಮಲಗಿ ಎದ್ದರೆ ಸೊಂಟ ಹಿಡಿದಿರುತ್ತದೆ. ಹಿಮೋಗ್ಲೋಬಿನ್ 9.2. ಹೆಂಗಸರ ಡಾಕ್ಟರು, ಮದುವೆಯಾಗಿ ಒಂದು ಮಗು ಆದರೆ ಸರಿಹೋಗುತ್ತೆ ಅಂದರು. ಕೀಲಿನ ಡಾಕ್ಟರು, ಅದು ನನ್ನ ವಿಷಯ ಅಲ್ಲ ಅಂದರು. ಅಮ್ಮ, ಎಲ್ಲರಿಗೂ ಆಗೋದೇ ಅಂತಾರೆ. ಕೀಲಿಗೂ ಮುಟ್ಟಿಗೂ ಸಂಬಂಧ ಇದೆಯಾ? ಗರ್ಭಕೋಶ ತೆಗೆಸಿಬಿಡಲಾ?"

ಪ್ರಿಯ ತಂಗಿ,

ನಿಮ್ಮ ಪತ್ರ ಓದಿ ಮುಗಿಸಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಮೊದಲು ಒಂದು ಮಾತು. ಇದು ಎಲ್ಲರಿಗೂ ಆಗುವುದಲ್ಲ. ಸಂಬಂಧ ಇದೆಯಾ ಎಂದು ಕೇಳಿದ್ದೀರಿ. ಇದೆ.

ನಿಮ್ಮ ಕಾಯಿಲೆ ಬರೀ ಕೀಲಿನದಲ್ಲ. ಮೈಯ ಒಂದೊಂದು ಭಾಗವನ್ನೂ ಹಿಡಿದು ಕಟ್ಟಿರುವ ನಾರಿನದು. ಆ ನಾರಿನಲ್ಲಿ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನು. ಗೋಡೆಯಲ್ಲಿ ಇಟ್ಟಿಗೆ ಚೆನ್ನಾಗಿದ್ದು ಗಾರೆ ಸಡಿಲವಾದರೆ ಏನಾಗುತ್ತದೋ ಇಲ್ಲೂ ಹಾಗೇ ಆಗುತ್ತದೆ. ಭುಜದ ಗಾರೆ ಸಡಿಲವಾದರೆ ಭುಜ ಜಾರುತ್ತದೆ. ಸಣ್ಣ ಸಣ್ಣ ರಕ್ತನಾಳಗಳ ಸುತ್ತಲಿನ ಗಾರೆ ಸಡಿಲವಾದರೆ ತೊಡೆಯಲ್ಲಿ ಸುಮ್ನೆ ನೀಲಿ ಕಲೆ ಏಳುತ್ತದೆ. ಗರ್ಭಕೋಶದ ಒಳಗೋಡೆಯಲ್ಲೂ ಅಂಥವೇ ನಾಳಗಳಿವೆ. ತಿಂಗಳಿಗೊಮ್ಮೆ ಅವು ಒಡೆದಾಗ ಬೇಗ ಮುಚ್ಚಿಕೊಳ್ಳದೆ ಇರಬಹುದು. ಹೆಪ್ಪುಗಟ್ಟುವ ಶಕ್ತಿ ರಕ್ತದಲ್ಲಿದೆ, ಆದರೆ ಆ ಹೆಪ್ಪು ಕಚ್ಚಿ ನಿಲ್ಲುವ ಗೋಡೆ ಗಟ್ಟಿಯಿಲ್ಲ. ಪ್ಲೇಟ್‌ಲೆಟ್, ಪಿಟಿ ಎಂಬ ಹೆಪ್ಪುಗಟ್ಟುವಿಕೆಯ ರಿಪೋರ್ಟೆಲ್ಲ ಸಾಮಾನ್ಯವಾಗಿ ನಾರ್ಮಲ್ ಬರುವುದು ಇದಕ್ಕೇ. ರಿಪೋರ್ಟ್ ನಾರ್ಮಲ್ ಬಂದ ಕೂಡಲೇ ನಿಮ್ಮ ರಕ್ತಸ್ರಾವವೂ ನಾರ್ಮಲ್ ಆಗಿಬಿಡುವುದಿಲ್ಲ. ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಕೀಲುಗಳು ಇನ್ನೂ ಸಡಿಲವಾಗುತ್ತವೆ ಎಂದು ಈ ಕಾಯಿಲೆಯ ಎಷ್ಟೋ ಹೆಂಗಸರು ಹೇಳುತ್ತಾರೆ. ಎರಡೂ ಒಟ್ಟಿಗೇ ನಿಮ್ಮ ಮೇಲೆ ಬೀಳುತ್ತಿರುವುದು ಭ್ರಮೆಯಲ್ಲ.

ಈಗ ಆ ಒಂಬತ್ತು ಪ್ಯಾಡ್ ಲೆಕ್ಕಕ್ಕೆ ಬರೋಣ. 1990ರಲ್ಲಿ ಇಂಗ್ಲೆಂಡಿನ ವೈದ್ಯರು ಒಂದು ಸರಳ ಚಿತ್ರಪಟ್ಟಿ ಮಾಡಿದರು. ಸ್ವಲ್ಪ ಕಲೆಯಾದ ಪ್ಯಾಡಿಗೆ 1 ಅಂಕ, ಅರ್ಧಂಬರ್ಧ ನೆನೆದದ್ದಕ್ಕೆ 5, ಪೂರ್ತಿ ನೆನೆದದ್ದಕ್ಕೆ 20. ಸಣ್ಣ ಗಡ್ಡೆಗೆ 1, ದೊಡ್ಡದಕ್ಕೆ 5. ಒಂದು ಮುಟ್ಟಿನ ಎಲ್ಲ ದಿನಗಳನ್ನೂ ಕೂಡಿಸಿದಾಗ 100 ದಾಟಿದರೆ 80 ಮಿಲಿಲೀಟರ್‌ಗಿಂತ ಜಾಸ್ತಿ ಹೋಗುತ್ತಿರಬಹುದು ಎಂದು ಅಂದಾಜು. ಅಂದರೆ ಒಂದು ಬೈಟೂ ಕಾಫಿ ಲೋಟದಷ್ಟು ರಕ್ತ. ನಿಮಗೆ ಎರಡನೇ ದಿನವೊಂದರಲ್ಲೇ 180. ಮೂರನೇ ದಿನದ 140 ಸೇರಿಸಿದರೆ 320. ಗಡ್ಡೆ ಎಣಿಸಿಲ್ಲ, ಉಳಿದ ಏಳೆಂಟು ದಿನ ಮುಟ್ಟಿಯೂ ಇಲ್ಲ.

ಈ ಲೆಕ್ಕಕ್ಕೆ ಇಷ್ಟು ಜಾಗ ಕೊಡಲು ಕಾರಣವಿದೆ. ನನಗೆ ಮೂವತ್ತೆಂಟರಲ್ಲಿ ಫೈಬ್ರಾಯ್ಡ್, ಅಂದರೆ ಗರ್ಭಕೋಶದಲ್ಲಿ ಬೆಳೆಯುವ ಗಂಟು, ಆಗಿತ್ತು. ಕಡು ಬಣ್ಣದ ಸೀರೆ ಬಿಟ್ಟು ಬೇರೆ ಉಡುತ್ತಿರಲಿಲ್ಲ. ಆಫೀಸಿನ ಕುರ್ಚಿ ಮೇಲೆ ಹಳೇ ಪೇಪರ್ ಹಾಸಿ, ಅದರ ಮೇಲೆ ಟವೆಲ್ ಹಾಕಿಕೊಂಡು ಕೂರುತ್ತಿದ್ದೆ. ಹೀಗಿದ್ದೂ ಡಾಕ್ಟರು "ಎಷ್ಟು ಹೋಗುತ್ತೆ?" ಎಂದಾಗ ನನ್ನ ಬಾಯಿಂದ ಬಂದದ್ದು "ಸ್ವಲ್ಪ ಜಾಸ್ತಿ" ಅಂತ. ಅಷ್ಟೇ. ಅವರು ಟಾನಿಕ್ ಬರೆದುಕೊಟ್ಟು ಕಳಿಸಿದರು. ನೋವನ್ನು ತೋರಿಸಲಾಗದು, ಆದರೆ ರಕ್ತವನ್ನು ಎಣಿಸಬಹುದು. ನಮ್ಮಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದ ಅಡುಗೆಮನೆ ಕ್ಯಾಲೆಂಡರಿನಲ್ಲೇ ಮೂರು ತಿಂಗಳು ಗುರುತು ಹಾಕಿಕೊಂಡು ಹೋದೆ. ಎಷ್ಟು ಪ್ಯಾಡ್, ಎಷ್ಟು ಗಡ್ಡೆ, ರಾತ್ರಿ ಎಷ್ಟು ಸಲ ಎದ್ದೆ, ಎಷ್ಟು ದಿನ ರಜೆ ಹಾಕಿದೆ. ಬೇರೆ ಡಾಕ್ಟರು ಆ ಹಾಳೆ ನೋಡಿ ಅವತ್ತೇ ಸ್ಕ್ಯಾನ್ ಮಾಡಿಸಿದರು. ನೀವೂ ಬರೆಯಿರಿ. ಭುಜ ಜಾರಿದ ದಿನವನ್ನೂ ಅದೇ ಹಾಳೆಯಲ್ಲಿ ಗುರುತು ಮಾಡಿ. ಹಾಗೆಂದು ಡಾಕ್ಟರ ಹತ್ತಿರ ಹೋಗಲು ಮೂರು ತಿಂಗಳು ಕಾಯಬೇಡಿ. 9.2 ಇಟ್ಟುಕೊಂಡು ಕಾಯುವ ಹಾಗಿಲ್ಲ.

ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಅದಕ್ಕೇ ಇರಬೇಕು, 9.2 ಕಂಡರೆ ಯಾರಿಗೂ ಗಾಬರಿಯಾಗುವುದಿಲ್ಲ. ನನಗಂತೂ ಗಾಬರಿಯಾಗುತ್ತದೆ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ನೋಡಿಸಿ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಅದು ಹೇಳುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ತೆಗೆದುಕೊಂಡರೆ ಮೈಗೆ ಹತ್ತುವುದು ಕಡಿಮೆ. ನಿಂಬೆ ಪಾನಕವೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಒಳ್ಳೆಯದು. ಹೊಟ್ಟೆಗೆ ಆಗಿಬರದಿದ್ದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಎಂದು ಕೇಳಿ, ಹಾಗೆ ತೆಗೆದುಕೊಂಡಾಗ ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ ಎಂದು ಗೊತ್ತಾಗಿದೆ. ಬೀಟ್ರೂಟ್, ಖರ್ಜೂರ ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ತಿಂಗಳಿಗೆ ಇಷ್ಟು ರಕ್ತ ಹೋಗುವವರಿಗೆ ಖರ್ಜೂರ ಸಾಲುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ನೀವೇ ಬಾಯಿಬಿಟ್ಟು ಕೇಳಬೇಕು. ವಾನ್ ವಿಲ್ಲಿಬ್ರಾಂಡ್ ಎಂಬ ರಕ್ತದ ಕಾಯಿಲೆ ಇದೆ. 1926ರಲ್ಲಿ ಫಿನ್ಲೆಂಡಿನ ಆ ಹೆಸರಿನ ವೈದ್ಯರು ಅದನ್ನು ಮೊದಲು ವಿವರಿಸಿದರು. ಅವರು ನೋಡಿದ ಹುಡುಗಿ ಹದಿಮೂರನೇ ವಯಸ್ಸಿನಲ್ಲಿ, ನಾಲ್ಕನೇ ಮುಟ್ಟಿನಲ್ಲೇ ರಕ್ತಸ್ರಾವದಿಂದ ತೀರಿಕೊಂಡಳು. ಈ ಕಾಯಿಲೆ ಅಪರೂಪವೇನಲ್ಲ, ಹುಟ್ಟಿನಿಂದ ಬರುವ ರಕ್ತಸ್ರಾವದ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಮಾಮೂಲಿ ಪರೀಕ್ಷೆಯಲ್ಲಿ ಇದು ಗೊತ್ತಾಗದೆ ಹೋಗಬಹುದು. ನಿಮ್ಮ ಹಾಗೆ ಮೊದಲ ಮುಟ್ಟಿನಿಂದಲೇ ಜಾಸ್ತಿ ಹೋಗುವವರಿಗೆ ಇದನ್ನು ನೋಡಲೇಬೇಕು. ಸಡಿಲ ಕೀಲು ಇದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಅದರ ತಲೆಗೇ ಕಟ್ಟುವುದು ತಪ್ಪು. ಥೈರಾಯ್ಡ್ ಇರಬಹುದು, ಫೈಬ್ರಾಯ್ಡ್ ಇರಬಹುದು. ವಾಂತಿ ಬರುವಷ್ಟು ನೋವಿದ್ದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ, ಕೂಡ ಇರಬಹುದು. ಅದು ಮಾಮೂಲಿ ಸ್ಕ್ಯಾನಿನಲ್ಲಿ ಕಾಣದೆಯೂ ಇರುತ್ತದೆ.

ಔಷಧಿ ಇದೆ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಹಾರ್ಮೋನ್ ಅಲ್ಲ, ರಕ್ತ ಜಾಸ್ತಿ ಹೋಗುವ ನಾಲ್ಕೈದು ದಿನ ಮಾತ್ರ ತೆಗೆದುಕೊಳ್ಳುವುದು. ಹೆಪ್ಪುಗಟ್ಟಿದ ರಕ್ತ ಬೇಗ ಕರಗಿಹೋಗದ ಹಾಗೆ ಅದು ತಡೆಯುತ್ತದೆ. ಜಪಾನಿನ ಒಕಾಮೊಟೊ ದಂಪತಿ 1962ರಲ್ಲಿ ಇದನ್ನು ಕಂಡುಹಿಡಿದರು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕೆಂದು ಉಟಾಕೊ ಒಕಾಮೊಟೊ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ದುಡಿದವರು. ಅವರನ್ನು ನೆನೆಯದೆ ಈ ಮಾತ್ರೆಯ ಹೆಸರು ಹೇಳಲು ನನಗೆ ಮನಸ್ಸಾಗುವುದಿಲ್ಲ. ನಿಮಗಾಗಲಿ ಮನೆಯವರಿಗಾಗಲಿ ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಮೆಡಿಕಲ್ ಶಾಪಿನಲ್ಲಿ ಎಲ್ಲರೂ ಕೇಳಿ ತರುವ ಹೊಟ್ಟೆನೋವಿನ ಮಾತ್ರೆಯಲ್ಲಿ ಮೆಫೆನಮಿಕ್ ಆಸಿಡ್ ಇರುತ್ತದೆ. ನೋವಿಗೂ ಆಗುತ್ತದೆ, ರಕ್ತವನ್ನೂ ಸ್ವಲ್ಪ ಕಡಿಮೆ ಮಾಡುತ್ತದೆ. ಊಟವಾದ ಮೇಲೆ ತಗೊಳ್ಳಿ. ಅದನ್ನು ತೆಗೆದುಕೊಂಡ ಮೇಲೆ ಜ್ವರ, ಮೈಮೇಲೆ ದದ್ದು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. 2023ರ ಕೊನೆಯಲ್ಲಿ ಇದರ ಬಗ್ಗೆ ಸರ್ಕಾರಿ ಎಚ್ಚರಿಕೆಯೂ ಬಂದಿತ್ತು. ನಿಮಗೆ ನೀಲಿ ಕಲೆ ಏಳುತ್ತಿದ್ದರೆ, ನೋವಿನ ಮಾತ್ರೆ ಯಾವುದು ಎಷ್ಟು ಎಂದು ಕೇಳಿಯೇ ನುಂಗಿ. ಆಸ್ಪಿರಿನ್ ಅಂತೂ ಬೇಡ. ಹಬ್ಬಕ್ಕೆ ಮುಟ್ಟು ಮುಂದೂಡಲು ಅಕ್ಕಪಕ್ಕದವರು ಕೊಡುವ ಮಾತ್ರೆಯೂ ಬೇಡ. ಹಾರ್ಮೋನ್ ಮಾತ್ರೆಯಿಂದ ಎಷ್ಟೋ ಜನರಿಗೆ ನಿಜವಾಗಿ ಆರಾಮ ಸಿಕ್ಕಿದೆ, ಆದರೆ ಯಾವುದು ನಿಮಗೆ ಎಂದು ಡಾಕ್ಟರೇ ತೀರ್ಮಾನಿಸಬೇಕು. ಗರ್ಭಕೋಶದೊಳಗೆ ಇಡುವ, ಕಾಪರ್-ಟಿ ಥರದ ಹಾರ್ಮೋನ್ ಸಾಧನ ಮದುವೆಯಾದವರಿಗೆ ಮಾತ್ರ ಎಂಬ ಮಾತು ಸುಳ್ಳು. ಇಡುವಾಗ ನೋವಿದೆ, ಕೆಲವರಲ್ಲಿ ಜಾರಿ ಹೊರಬರುತ್ತದೆ. ಎಹ್ಲರ್ಸ್ ಡ್ಯಾನ್ಲೋಸ್ ಇರುವ ಕೆಲವರಿಗೆ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ನಿಮಗೆ ಹಾಗೆ ಆಗಿದ್ದರೆ ಮೊದಲೇ ಹೇಳಿ.

ಗರ್ಭಕೋಶ ತೆಗೆಸುವ ಮಾತು. ಬೇಡಮ್ಮ, ಈಗ ಬೇಡ. ಮೇಲೆ ಹೇಳಿದ ಒಂದನ್ನೂ ನಿಮಗೆ ಯಾರೂ ಇನ್ನೂ ಮಾಡಿಸಿಲ್ಲ. ಕಲಬುರಗಿ ಕಡೆ ತಾಂಡಾಗಳ ಹೆಣ್ಣುಮಕ್ಕಳು ಹೊಟ್ಟೆನೋವು, ಬಿಳಿಸೆರಗು ಎಂದು ಹೋಗಿ ಗರ್ಭಕೋಶ ಕಳೆದುಕೊಂಡು ಬಂದದ್ದನ್ನು ಈ ರಾಜ್ಯ ಕಂಡಿದೆ. ಅವರಲ್ಲಿ ನಿಮ್ಮ ವಯಸ್ಸಿನವರೂ ಇದ್ದರು. ನಿಮ್ಮ ವಿಷಯದಲ್ಲಿ ಇನ್ನೂ ಒಂದು ಭಯ ಇದೆ. ನಿಮ್ಮ ಮೈಯಲ್ಲಿ ಹೊಲಿಗೆ ಸರಿಯಾಗಿ ನಿಲ್ಲದಿರಬಹುದು, ಗಾಯ ಮಾಯುವುದು ತಡವಾಗಬಹುದು, ಮುಂದೆ ಉಳಿದ ಅಂಗಗಳು ಕೆಳಗೆ ಜಾರುವ ಸಾಧ್ಯತೆಯೂ ಇದೆ. ಯಾವುದೇ ಆಪರೇಷನ್ ಮಾತು ಬಂದರೂ, ರಕ್ತನಾಳದ ಟೈಪ್ ಅಲ್ಲ ಎಂದು ಖಚಿತ ಮಾಡಿಕೊಂಡಿದ್ದೀರಾ ಎಂದು ಕೀಲಿನ ಡಾಕ್ಟರನ್ನು ಕೇಳಿ. 2017ರ ಪಟ್ಟಿಯಲ್ಲಿ ಈ ಕಾಯಿಲೆಯ 13 ಬಗೆಗಳಿವೆ. ನಿಮ್ಮದನ್ನು ಹಿಡಿಯಲು ಜೀನ್ ಪರೀಕ್ಷೆ ಇಲ್ಲ. ರಕ್ತನಾಳದ ಬಗೆಗೆ ಇದೆ, ಅದು ಅಪಾಯದ್ದು.

ಮನೆಯಲ್ಲಿ ಮಾಡುವಂಥದ್ದು ಕೆಲವು. ಎರಡು ಮೂರನೇ ದಿನ ಒದ್ದೆ ಬೆಡ್‌ಶೀಟ್ ಹಿಂಡಿ ಹಗ್ಗಕ್ಕೆ ಎಸೆಯುವ ಕೆಲಸ, ಬಿಂದಿಗೆ ಎತ್ತುವ ಕೆಲಸ ಬೇರೆಯವರು ಮಾಡಲಿ. ಬಿಸಿನೀರಿನ ಬ್ಯಾಗಿಗೆ ದಪ್ಪ ಟವೆಲ್ ಸುತ್ತಿ, ಚರ್ಮ ಸುಡದಿರಲಿ. ಎದ್ದು ನಿಂತಾಗ ತಲೆ ಸುತ್ತಿ ಎದೆ ಡವಡವ ಎನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ, ಈ ಕಾಯಿಲೆಯಲ್ಲಿ ಅದೂ ಕಾಣುತ್ತದೆ. ಅಲ್ಲಿಯವರೆಗೆ ಬಚ್ಚಲಲ್ಲಿ ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿ. ಬಿಪಿ ಇಲ್ಲದಿದ್ದರೆ ಉಪ್ಪು ಹಾಕಿದ ಮಜ್ಜಿಗೆ ಚೆನ್ನಾಗಿ ಕುಡಿಯಿರಿ. ಯೋಗ ಮಾಡಿದರೆ ನೋವು ಹೋಗುತ್ತೆ ಎನ್ನುವವರಿಗೆ, ಮೈ ಬಗ್ಗಿಸುವುದು ನನಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಬರುತ್ತೆ ಎಂದು ಹೇಳಿಬಿಡಿ. ನಿಮಗೆ ಬೇಕಾದದ್ದು ಕೀಲನ್ನು ಹಿಡಿದಿಡುವ ಸ್ನಾಯುಗಳ ಬಲ. ಅದನ್ನು ಫಿಸಿಯೋಥೆರಪಿಯವರು ನಿಧಾನವಾಗಿ ಕಲಿಸುತ್ತಾರೆ.

ಒಂದೊಂದು ಗಂಟೆಗೆ ಒಂದು ಪ್ಯಾಡ್ ತುಂಬುತ್ತ ಎರಡು ಗಂಟೆ ದಾಟಿದರೆ, ತಲೆ ಸುತ್ತಿ ಬಿದ್ದರೆ, ಉಸಿರು ಸಿಕ್ಕದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ.

ಅಜ್ಜಿಯ ವಿಷಯ. ಮೂರು ದಿನ ದೂರ ಕೂರಿಸುವುದು ಸರಿಯೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಆದರೆ ನಿಮ್ಮ ಮನೆಯ ಜಗಳವನ್ನು ನಾನು ಇಲ್ಲಿ ಕೂತು ಗೆಲ್ಲಲಾರೆ. ಚಾಪೆ ಬದಲು ಒಂದು ಹಾಸಿಗೆ, ಮಂಡಿಗಳ ನಡುವೆ ಇಡಲು ಒಂದು ದಿಂಬು. ಇಷ್ಟನ್ನು ಡಾಕ್ಟರು ಹೇಳಿದ್ದಾರೆ ಎಂದೇ ಕೇಳಿ.

ಕೊನೆಗೆ ನಿಮ್ಮ ಅಮ್ಮನಿಗೆ. ಈ ಪುಟವನ್ನು ಅವರಿಗೆ ಓದಿ ಹೇಳಿ. ಅಮ್ಮಾ, ನಿಮಗೂ ಹೀಗೇ ಆಗುತ್ತಿತ್ತೇನೋ. ಈ ಕಾಯಿಲೆ ಮನೆತನದಲ್ಲಿ ಹರಿದು ಬರುವುದುಂಟು, ನಿಮ್ಮನ್ನು ಯಾರೂ ಕೇಳಿರಲಿಕ್ಕಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹೊರಗೆ ಬೆಂಚಿನ ಮೇಲೆ ಕೂರಬೇಡಿ. ಮಗಳ ಜೊತೆ ಒಳಗೆ ಹೋಗಿ. ಒಂಬತ್ತು ಪ್ಯಾಡ್ ಎನ್ನುವ ಮಾತು ನಿಮ್ಮ ಬಾಯಿಂದಲೇ ಬರಲಿ. ಆ ಬೆಡ್‌ಶೀಟುಗಳನ್ನು ಒಗೆದವರು ನೀವು.